ಸಮಾನವಾದ ಎರಡರ ನಡುವೆ

ಒಳಿತು ಕೆಡುಕುಗಳ ನಡುವೆ ಆರಿಸಿಕೊಳ್ಳುವುದಕ್ಕಿಂತ ಎರಡು ಒಳಿತುಗಳ ನಡುವೆ ಆರಿಸಿಕೊಳ್ಳುವುದು ಸುಲಭವಾಗಿರಬೇಕಿತ್ತು. ಯಾವುದನ್ನು ಆರಿಸಿದರೂ ಕೈಗೆ ಬರುವುದು ಒಳ್ಳೆಯದೇ ತಾನೇ? ಅನುಭವ ಮಾತ್ರ ಬೇರೆಯದನ್ನೇ ಹೇಳುತ್ತದೆ. ನೆರೆಯವರ ಬಗ್ಗೆ ಸಲ್ಲದ ಮಾತೊಂದನ್ನು ಆಡಬೇಕೋ ಬೇಡವೋ ಎಂಬುದನ್ನು ಕ್ಷಣಾರ್ಧದಲ್ಲಿ, ಬಹುಮಟ್ಟಿಗೆ ತಪ್ಪಾಗಿಯೇ, ತೀರ್ಮಾನಿಸಿಬಿಡುವ ನಾವು ಒಂದೇ ಬೆಲೆಯ, ಒಂದೇ ಗುಣದ ಎರಡು ವಸ್ತುಗಳ ಮುಂದೆ ನಿಂತು ದಿನಗಟ್ಟಲೆ ತೊಳಲಾಡುತ್ತೇವೆ. ಇದು ಬರಿಯ ಮನೋದೌರ್ಬಲ್ಯವೇ, ಅಥವಾ ಇದರೊಳಗೆ ನೈತಿಕವಾದ ಪ್ರಶ್ನೆಯೊಂದು ಅಡಗಿದೆಯೇ? ಇದನ್ನು ವಿಚಾರಿಸಲು ತೀರಾ ಸಣ್ಣದೆನಿಸುವ ಉದಾಹರಣೆಯೊಂದನ್ನು ಎತ್ತಿಕೊಳ್ಳುತ್ತೇನೆ: ಮನೆಯಲ್ಲಿ ಎಸ್‌ಪ್ರೆಸ್ಸೊ ಕಾಫಿ ಮಾಡುವ ಕ್ಯಾಪ್ಸೂಲ್ ಯಂತ್ರ.

ಈ ಯಂತ್ರವನ್ನು ಕಾಣದವರಿಗಾಗಿ ಎರಡು ಮಾತು. ಹೆಬ್ಬೆರಳ ಗಾತ್ರಕ್ಕಿಂತ ತುಸು ದೊಡ್ಡದಾದ ಅಲ್ಯೂಮಿನಿಯಂ ಡಬ್ಬಿಯೊಂದರಲ್ಲಿ 5ರಿಂದ 6 ಗ್ರಾಂ ಕಾಫಿಪುಡಿ ಮುಚ್ಚಿಟ್ಟಿರುತ್ತದೆ. ಅದನ್ನು ಯಂತ್ರದ ಬಾಯಿಗೆ ಹಾಕಿ ಗುಂಡಿ ಒತ್ತಿದರೆ, ಒಳಗಿನ ಮೊನೆಗಳು ಡಬ್ಬಿಯನ್ನು ಚುಚ್ಚುತ್ತವೆ, ಬಿಸಿನೀರು ಒತ್ತಡದಿಂದ ಒಳನುಗ್ಗುತ್ತದೆ, ಅರ್ಧ ನಿಮಿಷದಲ್ಲಿ ನೊರೆಗೂಡಿದ ಕಾಫಿ ಬಟ್ಟಲಿಗೆ ಇಳಿಯುತ್ತದೆ. ಡಬ್ಬಿ ಒಂದೇ ಸಲಕ್ಕೆ. ಮುಂದಿನ ಕಾಫಿಗೆ ಮತ್ತೊಂದು. ಸ್ವಿಟ್ಜರ್ಲೆಂಡಿನ ನೆಸ್ಲೆ ಸಂಸ್ಥೆಯಲ್ಲಿದ್ದ ಎರಿಕ್ ಫಾವ್ರ್ ಎಂಬ ಎಂಜಿನಿಯರರ ಈ ಕಲ್ಪನೆಗೆ 1976ರಲ್ಲಿ ಪೇಟೆಂಟ್ ದೊರೆಯಿತು; 1986ರಲ್ಲಿ ನೆಸ್ಪ್ರೆಸ್ಸೊ ಎಂಬ ಕಂಪನಿ ಆರಂಭವಾಯಿತು. ಯೂರೋಪಿನ ಅಡುಗೆಮನೆಗಳಲ್ಲಿ ಇದು ಈಗ ನಮ್ಮ ಮಿಕ್ಸಿಯಷ್ಟೇ ಸಾಮಾನ್ಯ. ಮೇಲಿನ ಪಾತ್ರೆ, ಕೆಳಗಿನ ಪಾತ್ರೆ, ನಡುವೆ ಭೂಮಿಯ ಆಕರ್ಷಣೆ, ಇಷ್ಟರಲ್ಲೇ ಮುಗಿಯುವ ನಮ್ಮ ಹಿತ್ತಾಳೆಯ ಫಿಲ್ಟರಿಗೂ ಇದಕ್ಕೂ ಇರುವ ದೂರವನ್ನು ನೀವೇ ಅಳೆದುಕೊಳ್ಳಿ.

ಮಲೆನಾಡಿನವಳಾದ, ಈಗ ಜರ್ಮನಿಯ ಆಸ್ಪತ್ರೆಯೊಂದರಲ್ಲಿ ಶುಶ್ರೂಷಕಿಯಾಗಿರುವ ಒಬ್ಬ ಹೆಣ್ಣುಮಗಳು ನನಗೆ ಆಗಾಗ ದೂರವಾಣಿ ಮಾಡುತ್ತಾಳೆ. ಅವಳ ಒಪ್ಪಿಗೆ ಪಡೆದೇ ಈ ಸಂಗತಿಯನ್ನು ಬರೆಯುತ್ತಿದ್ದೇನೆ. ಅವಳಿಗೆ ರಾತ್ರಿ ಪಾಳಿ, ಗಂಡನಿಗೆ ಹಗಲಿನ ಕೆಲಸ. ಅವನು ಮನೆಗೆ ಬಂದು ಅವಳು ಹೊರಡುವ ನಡುವಿನ ಒಂದೂವರೆ ಗಂಟೆಯೇ ಅವರ ದಾಂಪತ್ಯದ ದಿನ. ಕಾಫಿ ಯಂತ್ರವೊಂದನ್ನು ಕೊಳ್ಳಬೇಕೆಂದು ಅವರು ನಿರ್ಧರಿಸಿದರು. ಆಸ್ಪತ್ರೆಯ ವಾರ್ಡಿನಲ್ಲಿ ಕ್ಯಾಪ್ಸೂಲ್ ಯಂತ್ರವಿದ್ದುದರಿಂದ ಮನೆಗೂ ಅದೇ ಎಂಬುದು ಯೋಚನೆಯೇ ಇಲ್ಲದೆ ಇತ್ಯರ್ಥವಾಯಿತು. ಮುಂದೆ ‘ಪಿಕ್ಸಿ’ ಎಂಬ ಮಾದರಿಯೋ ‘ಎಸ್ಸೆನ್ಜಾ ಮಿನಿ’ ಎಂಬ ಮಾದರಿಯೋ ಎಂಬ ಪ್ರಶ್ನೆ. ಎರಡರ ಪಂಪೂ 19 ಬಾರ್ ಒತ್ತಡದ್ದು. ಎರಡೂ ಅರ್ಧ ನಿಮಿಷದೊಳಗೆ ಕಾಯುತ್ತವೆ. ಎರಡಕ್ಕೂ ಒಂದೇ ಡಬ್ಬಿ, ಆದ್ದರಿಂದ ಒಂದೇ ಕಾಫಿ. ಒಂದರ ನೀರಿನ ತೊಟ್ಟಿ 0.7 ಲೀಟರ್, ಇನ್ನೊಂದರದು 0.6. ಈ ನೂರು ಮಿಲಿಲೀಟರಿಗಾಗಿ ಒಂದು ವಾರದ ಸಂಜೆಗಳು ಸಂದವು. ಕೊನೆಗೆ ಎಸ್ಸೆನ್ಜಾ ಮಿನಿ ಎಂದು ಒಪ್ಪಿದರು. ಆಗ ಕಂಡುಬಂದದ್ದು ಇನ್ನೊಂದು: ಆ ಒಂದೇ ಯಂತ್ರ ಕ್ರುಪ್ಸ್ ಮತ್ತು ಡೆಲೋಂಗಿ ಎಂಬ ಎರಡು ಹೆಸರುಗಳಲ್ಲಿ ಮಾರಾಟಕ್ಕಿದೆ. ಕೆಲಸ ಮಾಡುವ ರೀತಿ ಒಂದೇ; ಹೊರಕವಚದ ಆಕಾರದಲ್ಲಿ ತುಸು ವ್ಯತ್ಯಾಸ; ಬೆಲೆಯಲ್ಲೂ ಹೇಳಿಕೊಳ್ಳುವಂಥ ಅಂತರವಿರಲಿಲ್ಲ. ಇದಕ್ಕೆ ಎರಡು ವಾರ! ಹಿಂದೆ ಕೊಂಡವರ ಅಭಿಪ್ರಾಯಗಳನ್ನು ಓದಿದರು, ವಿಡಿಯೊಗಳನ್ನು ನೋಡಿದರು, ಪಟ್ಟಿ ಮಾಡಿದರು. ಒಂದು ಸಂಜೆ ಮಾತು ಯಂತ್ರವನ್ನು ಬಿಟ್ಟು ಒಬ್ಬರನ್ನೊಬ್ಬರು ಹಿಡಿದುಕೊಂಡಿತು. ನಿನಗೆ ಯಾವುದೂ ಸಾಲದು ಎಂದು ಅವನು. ನಿನಗೆ ಯಾವುದೂ ಬೇಕಿಲ್ಲ ಎಂದು ಅವಳು. ಅಂದು ಅವಳು ಊಟ ಮಾಡದೆ ಪಾಳಿಗೆ ಹೋದಳು.

ಈ ವೃತ್ತಾಂತದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಜಗಳವಲ್ಲ, ಲೆಕ್ಕ. ಕ್ಯಾಪ್ಸೂಲ್ ಯಂತ್ರವೇ ಬೇಕೇ ಎಂಬ ಪ್ರಶ್ನೆಗೆ ಒಂದು ನಿಮಿಷವೂ ಇಲ್ಲ. ಯಾವ ಮಾದರಿ ಎಂಬುದಕ್ಕೆ ಒಂದು ವಾರ. ಒಂದೇ ಮಾದರಿಯ ಎರಡು ಹೆಸರುಗಳಿಗೆ ಎರಡು ವಾರ. ವ್ಯತ್ಯಾಸ ಕಡಿಮೆಯಾದಂತೆಲ್ಲ ವೆಚ್ಚವಾದ ಸಮಯ ಹೆಚ್ಚಿತು.

ಈ ವಿಚಿತ್ರವನ್ನು ಗುರುತಿಸಿದವರು ಹಲವರಿದ್ದಾರೆ. ಅಮೆರಿಕದ ಗಣಕವಿಜ್ಞಾನಿ ಎಡ್ವರ್ಡ್ ಫ್ರೆಡ್ಕಿನ್ನರ ಒಂದು ಗ್ರಹಿಕೆಯನ್ನು ಮಾರ್ವಿನ್ ಮಿನ್ಸ್ಕಿ 1986ರ ತಮ್ಮ ಗ್ರಂಥದಲ್ಲಿ ದಾಖಲಿಸಿದ್ದಾರೆ. ಎರಡು ಆಯ್ಕೆಗಳು ಎಷ್ಟು ಸಮವಾಗಿವೆಯೋ ಆರಿಸುವುದು ಅಷ್ಟು ಕಷ್ಟ. ಆದರೆ ಅವು ಎಷ್ಟು ಸಮವೋ ಯಾವುದನ್ನು ಆರಿಸಿದೆವೆಂಬುದು ಅಷ್ಟೇ ಮುಖ್ಯವಲ್ಲ ಎಂಬುದು ಅದರ ತಿರುಳು. ಗುರುಮಠದಲ್ಲಿ ತತ್ವಶಾಸ್ತ್ರ ಓದಿದವರಿಗೆಲ್ಲ ಬ್ಯುರಿಡನ್ನನ ಕತ್ತೆಯ ಪರಿಚಯವಿರುತ್ತದೆ. ಸಮದೂರದಲ್ಲಿರುವ ಎರಡು ಸಮನಾದ ಹುಲ್ಲಿನ ಹೊರೆಗಳ ನಡುವೆ ನಿಂತು, ಇದಕ್ಕಿಂತ ಅದನ್ನು ಮೊದಲು ತಿನ್ನಲು ಕಾರಣ ಕಾಣದೆ, ಹಸಿವಿನಿಂದ ಸತ್ತ ಕತ್ತೆ ಅದು. ಹದಿನಾಲ್ಕನೆಯ ಶತಮಾನದಲ್ಲಿ ಪ್ಯಾರಿಸ್ಸಿನಲ್ಲಿ ಪಾಠ ಹೇಳಿದ ಜಾನ್ ಬ್ಯುರಿಡನ್ನನ ಹೆಸರನ್ನು ಅದು ಹೊತ್ತಿದ್ದರೂ ಅವನ ಉಪಲಬ್ಧ ಕೃತಿಗಳಲ್ಲಿ ಆ ಕತ್ತೆ ಎಲ್ಲಿಯೂ ಇಲ್ಲ; ಬಡಪಾಯಿ ಪಂಡಿತನಿಗೆ ಯಾರೋ ಅಂಟಿಸಿದ ಗೇಲಿ. ಸಮವಾದ ಹಸಿವು ನೀರಡಿಕೆಗಳ ನಡುವೆ ಕದಲದೆ ನಿಲ್ಲುವ ಮನುಷ್ಯನ ಉದಾಹರಣೆ ಅರಿಸ್ಟಾಟಲನಲ್ಲಿಯೇ ಇದೆ. ಸಂತ ಥಾಮಸ್ ಅಕ್ವಿನಾಸರು ಈ ಆಕ್ಷೇಪವನ್ನು ತಮ್ಮ ‘ಸುಮ್ಮಾ’ ಗ್ರಂಥದಲ್ಲಿ ಎತ್ತಿಕೊಂಡು, ಹೆಚ್ಚು ಸದ್ದಿಲ್ಲದೆ ಬಿಡಿಸುತ್ತಾರೆ. ಎರಡು ವಸ್ತುಗಳು ಒಂದು ದೃಷ್ಟಿಯಿಂದ ಸಮವೆಂದು ತೋರಿದರೂ, ಅವುಗಳಲ್ಲಿ ಒಂದರ ಯಾವುದೋ ಒಂದು ಮೇಲ್ಮೆಯನ್ನು ಗಮನಕ್ಕೆ ತಂದುಕೊಳ್ಳಲು ಬುದ್ಧಿಗೆ ಯಾವ ಅಡ್ಡಿಯೂ ಇಲ್ಲ. ಆಗ ಸಂಕಲ್ಪ ಅತ್ತ ವಾಲುತ್ತದೆ. ಅಂದರೆ ಮನುಷ್ಯ ತಕ್ಕಡಿಯಲ್ಲ. ತಕ್ಕಡಿಗೆ ಭಾರ ಹೊರಗಿನಿಂದ ಬೀಳಬೇಕು. ಮನುಷ್ಯನು ತಾನೇ ಒಂದು ಕಡೆ ಕೈಯಿಡಬಲ್ಲ. ಬಣ್ಣ ಹಿಡಿಸಿತು, ಅಂಗಡಿ ಹತ್ತಿರವಿದೆ, ಇವತ್ತು ಸಿಗುತ್ತದೆ, ಇಷ್ಟು ಸಾಕು.

ಇಷ್ಟು ಸಾಕು ಎಂಬುದನ್ನೇ ನಮ್ಮ ಮನಸ್ಸು ಒಪ್ಪುವುದಿಲ್ಲ. ಏಕೆ? ಇಲ್ಲಿ ನನಗೆ ನೆನಪಾಗುವುದು ಅಂಗಡಿಯಲ್ಲ, ಪಾಪನಿವೇದನೆಯ ಪೀಠ.

ಲತೀನ್ ಭಾಷೆಯಲ್ಲಿ ‘ಸ್ಕ್ರೂಪುಲುಸ್’ ಎಂದರೆ ಚೂಪಾದ ಸಣ್ಣ ಕಲ್ಲು. ಪಾದರಕ್ಷೆಯೊಳಗೆ ಸೇರಿಕೊಂಡ ಹರಳು. ಕಣ್ಣಿಗೆ ಕಾಣದಷ್ಟು ಚಿಕ್ಕದು, ಆದರೆ ಹೆಜ್ಜೆ ಇಡಲು ಬಿಡದು. ಆತ್ಮಸಾಕ್ಷಿಯ ಒಂದು ಬಗೆಯ ಬೇನೆಗೆ ನಮ್ಮ ಧರ್ಮಸಭೆಯ ಗುರುಗಳು ಈ ಹೆಸರಿಟ್ಟರು. ಕನ್ನಡದಲ್ಲಿ ಸೂಕ್ಷ್ಮಶಂಕೆ ಎನ್ನಬಹುದು. ಈ ಬೇನೆಯವರು ಹೇಳಿದ ಪಾಪವನ್ನೇ ಮತ್ತೆ ಹೇಳುತ್ತಾರೆ. ಸರಿಯಾಗಿ ಹೇಳಿದೆನೇ, ಏನಾದರೂ ಬಿಟ್ಟೆನೇ, ಪಶ್ಚಾತ್ತಾಪ ಸಾಕಷ್ಟಿತ್ತೇ ಎಂದು ಮನೆಗೆ ಹೋಗುವ ದಾರಿಯಲ್ಲೇ ಹಿಂದಿರುಗುತ್ತಾರೆ. ಇದನ್ನು ಹೆಚ್ಚಿನ ಭಕ್ತಿಯೆಂದು ತಿಳಿಯುವವರಿದ್ದಾರೆ. ಅನುಭವಿ ಗುರುಗಳು ಎಂದೂ ಹಾಗೆ ತಿಳಿಯಲಿಲ್ಲ. ಲೊಯೋಲದ ಸಂತ ಇಗ್ನೇಷಿಯಸರು 1522ರಲ್ಲಿ ಮನ್ರೇಸ ಎಂಬ ಊರಿನಲ್ಲಿದ್ದಾಗ ಈ ಬೇನೆಯಿಂದ ಎಷ್ಟು ನರಳಿದರೆಂದರೆ ಪ್ರಾಣವನ್ನೇ ಕಳೆದುಕೊಳ್ಳುವ ಶೋಧನೆ ಅವರಿಗೆ ಬಂದಿತ್ತು. ನೈತಿಕ ದೈವಶಾಸ್ತ್ರದ ಮಹಾಗುರು ಸಂತ ಅಲ್ಫೋನ್ಸ್ ಲಿಗೋರಿಯವರಂತೂ (1696–1787) ಜೀವಮಾನವಿಡೀ ಇದರ ಕಾಟವನ್ನು ಸಹಿಸಿದವರು. ಬಹುಶಃ ಅದಕ್ಕಾಗಿಯೇ ಅವರು ಪಾಪನಿವೇದನೆ ಕೇಳುವ ಗುರುಗಳಿಗೆಲ್ಲ ಪಾಲಕ ಸಂತರಾದರು.

ಸೂಕ್ಷ್ಮಶಂಕೆಯ ಮೂಲವೇನು? ಖಚಿತತೆ ದೊರೆಯದ ಕಡೆ ಖಚಿತತೆಯನ್ನು ಬೇಡುವುದು. ಮನುಷ್ಯನಿಗೆ ಎಟಕುವುದು ನೈತಿಕ ನಿಶ್ಚಯ ಮಾತ್ರ. ಸಮಂಜಸವಾಗಿ ಯೋಚಿಸಿದ್ದೇನೆ, ಪ್ರಾಮಾಣಿಕನಾಗಿದ್ದೇನೆ, ಮುಂದೆ ನಡೆಯಬಹುದು ಎಂಬಷ್ಟು. ಸೂಕ್ಷ್ಮಶಂಕೆಯವನಿಗೆ ಗಣಿತದ ನಿಶ್ಚಯ ಬೇಕು. ಅದು ಸಿಗದು, ಸಿಗದಿದ್ದರೆ ಇನ್ನೊಮ್ಮೆ ಪರೀಕ್ಷಿಸುತ್ತಾನೆ, ಪರೀಕ್ಷಿಸಿದಷ್ಟೂ ಹೊಸ ಸಂಶಯ. ರಾತ್ರಿ ಹನ್ನೊಂದು ಗಂಟೆಗೆ ಮೊಬೈಲಿನ ಬೆಳಕಿನಲ್ಲಿ ಕಾಫಿ ಯಂತ್ರದ ನೂರ ಮೂವತ್ತನೆಯ ಅಭಿಪ್ರಾಯವನ್ನು ಓದುವ ಗೃಹಸ್ಥ ಇದೇ ದಾರಿಯಲ್ಲಿಲ್ಲವೇ? ನೂರ ಇಪ್ಪತ್ತೊಂಬತ್ತು ಜನ ಚೆನ್ನಾಗಿದೆ ಎಂದಿದ್ದಾರೆ; ಒಬ್ಬ ಮಾತ್ರ ಎರಡೇ ತಿಂಗಳಲ್ಲಿ ನೀರು ಸೋರಿತೆಂದ; ಆ ಒಬ್ಬನೇ ನಿದ್ದೆ ಕೆಡಿಸುತ್ತಾನೆ. ಪಾಪದ ಬಗ್ಗೆ ಸೂಕ್ಷ್ಮಶಂಕೆ ಪಡುವವರು ಈಚಿನ ವರ್ಷಗಳಲ್ಲಿ ನನಗೆ ಅಪರೂಪವಾಗಿದ್ದಾರೆ. ಸೂಕ್ಷ್ಮಶಂಕೆ ಮಾತ್ರ ಲೋಕದಿಂದ ಹೋಗಿಲ್ಲ. ದೇವಾಲಯದಿಂದ ಎದ್ದು ಮಾರುಕಟ್ಟೆಯಲ್ಲಿ ಕುಳಿತಿದೆ. ಮಾರುಕಟ್ಟೆಗೆ ಅದರಿಂದ ನಷ್ಟವೇನೂ ಇಲ್ಲ. ಒಂದೇ ಯಂತ್ರಕ್ಕೆ ಎರಡು ಕವಚ ತೊಡಿಸಿದರೆ, ಎರಡರಲ್ಲಿ ಯಾವುದೆಂದು ಯೋಚಿಸುವವನು ಕೊಳ್ಳಬೇಕೇ ಬೇಡವೇ ಎಂದು ಯೋಚಿಸುವುದನ್ನು ಬಿಟ್ಟಿರುತ್ತಾನೆ.

ಹಳೆಯ ಗುರುಗಳ ಔಷಧಿ ಕಠಿಣವಾಗಿತ್ತು: ಮತ್ತೆ ಪರೀಕ್ಷಿಸಬೇಡ, ಸಂಶಯ ಎದ್ದರೂ ಎದುರು ಹೋಗು, ಹೇಳಿದ ಮಾತನ್ನು ಪಾಲಿಸು. ಅಲ್ಫೋನ್ಸರು ಇನ್ನೊಂದು ಸೂತ್ರವನ್ನೂ ಬೆಳೆಸಿದರು. ನಿಯಮವು ಬಂಧಿಸುತ್ತದೆ ಎನ್ನಲು ಇರುವ ಕಾರಣಗಳೂ ಬಂಧಿಸುವುದಿಲ್ಲ ಎನ್ನಲು ಇರುವ ಕಾರಣಗಳೂ ನಿಜವಾಗಿ ಸಮತೂಕದಲ್ಲಿದ್ದರೆ, ಆ ನಿಯಮ ಖಚಿತವಲ್ಲ, ಖಚಿತವಲ್ಲದ ನಿಯಮ ಬಂಧಿಸದು, ಮನುಷ್ಯ ಸ್ವತಂತ್ರ. ಕಾಫಿ ಯಂತ್ರ ಕೊಳ್ಳುವವರಿಗಾಗಿ ಅವರು ಇದನ್ನು ಬರೆಯಲಿಲ್ಲ, ನಿಜ. ಆದರೆ ಸಮತೂಕವನ್ನು ಕಂಡಾಗ ನಾವು ಬಂಧನವೆಂದು ಭಾವಿಸುತ್ತೇವೆ, ಅವರು ಬಿಡುಗಡೆಯೆಂದು ಓದಿದರು. ತಕ್ಕಡಿ ಸಮನಾಗಿ ನಿಂತಿತೆಂದರೆ ವಿಚಾರದ ಕೆಲಸ ಮುಗಿಯಿತು, ನೀನಿನ್ನು ಹೋಗಬಹುದು ಎಂದರ್ಥ.

ಹಾಗಾದರೆ ಕೊಳ್ಳುವ ವಿಷಯದಲ್ಲಿ ಯೋಚಿಸಲೇಬಾರದೆ? ಜಗದ್ಗುರು ಹದಿನಾರನೆಯ ಬೆನೆಡಿಕ್ಟರು 2009ರ ತಮ್ಮ ವಿಶ್ವಪರಿಪತ್ರದಲ್ಲಿ, ಕೊಳ್ಳುವ ಕ್ರಿಯೆ ಬರಿಯ ಹಣಕಾಸಿನದಲ್ಲ, ಅದಕ್ಕೆ ಸದಾ ನೈತಿಕ ಮುಖವೊಂದಿದೆ ಎಂಬುದನ್ನು ನೆನಪಿಸಿದರು. ಜಗದ್ಗುರು ಫ್ರಾನ್ಸಿಸರು 2015ರ ‘ಲೌದಾತೊ ಸಿ’ ಪರಿಪತ್ರದಲ್ಲಿ ಅದನ್ನೇ ಎತ್ತಿ ಹಿಡಿದರು. ನನ್ನ ವಾದ ಇದಕ್ಕೆ ವಿರುದ್ಧವಲ್ಲ. ಭಾರ ಎಲ್ಲಿದೆಯೋ ಅಲ್ಲಿ ಯೋಚಿಸಬೇಕು. ಕ್ರುಪ್ಸ್ ಮತ್ತು ಡೆಲೋಂಗಿಯ ನಡುವೆ ಯಾವ ಭಾರವೂ ಇಲ್ಲ. ದಾರಿ ಕವಲೊಡೆದದ್ದು ಅದಕ್ಕೂ ಬಹಳ ಹಿಂದೆ, ಯಾರೂ ನಿಂತು ನೋಡದ ಜಾಗದಲ್ಲಿ.

ಆ ಕವಲಿನಲ್ಲಿ ಏನೇನಿತ್ತು ನೋಡೋಣ. ಯಂತ್ರದ ಬೆಲೆ ಒಮ್ಮೆ ಕೊಡುವುದು; ಡಬ್ಬಿಯ ಬೆಲೆ ದಿನವೂ ಕೊಡುವುದು. ಡಬ್ಬಿಯೊಂದಕ್ಕೆ ಅರ್ಧ ಯೂರೋ ಎಂದೂ ಅದರೊಳಗೆ 5 ಗ್ರಾಂ ಪುಡಿ ಎಂದೂ ಇಟ್ಟುಕೊಂಡರೆ, ಕಿಲೋ ಕಾಫಿಪುಡಿಗೆ 100 ಯೂರೋ ಆಯಿತು. ಇಬ್ಬರು ದಿನಕ್ಕೆ ಎರಡೆರಡು ಸಲ ಕುಡಿದರೆ ವರ್ಷಕ್ಕೆ 1460 ಡಬ್ಬಿಗಳು, 730 ಯೂರೋ. ಯಂತ್ರದ ಬೆಲೆ ಇದರ ಒಂದು ಸಣ್ಣ ಪಾಲು. ಈ ಲೆಕ್ಕವನ್ನು ನಾನು ದೂರವಾಣಿಯಲ್ಲಿ ಹೇಳಿದಾಗ ಅವಳು ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಅವಳ ತಂದೆ ಕಾಫಿ ತೋಟದಲ್ಲಿ ಹಣ್ಣು ಕೊಯ್ದು ಮಕ್ಕಳನ್ನು ಓದಿಸಿದವರು. ಭಾರತದ ಕಾಫಿಯಲ್ಲಿ ಸುಮಾರು ನೂರಕ್ಕೆ ಎಪ್ಪತ್ತು ಪಾಲು ಬೆಳೆಯುವುದು ಕರ್ನಾಟಕದಲ್ಲಿ. ಅದರ ಬಹುಪಾಲು ಹೊರದೇಶಗಳಿಗೆ ಹೋಗುತ್ತದೆ. “ಅಪ್ಪನಿಗೆ ಈ ರೇಟು ಹೇಳಿದರೆ ನಂಬುವುದಿಲ್ಲ ಫಾದರ್” ಎಂದಳು.

ಅಲ್ಯೂಮಿನಿಯಂ ಡಬ್ಬಿಗಳ ಕಸದ ಪ್ರಶ್ನೆಯೂ ಅಲ್ಲಿಯೇ ಇತ್ತು. ಜರ್ಮನಿಯದೇ ಆದ ಹ್ಯಾಂಬರ್ಗ್ ನಗರಾಡಳಿತ 2016ರಲ್ಲಿ, ಸಾರ್ವಜನಿಕ ಹಣದಿಂದ ಕ್ಯಾಪ್ಸೂಲ್ ಯಂತ್ರಗಳನ್ನು ಕೊಳ್ಳಕೂಡದೆಂದು ತನ್ನ ಖರೀದಿ ನಿಯಮಗಳಲ್ಲಿ ಸೇರಿಸಿತು. ಆದರೆ ಫಿಲ್ಟರ್ ಕಾಫಿ ಕುಡಿಯುವ ನಾವು ಇದನ್ನು ಓದಿ ಎದೆಯುಬ್ಬಿಸುವ ಅಗತ್ಯವಿಲ್ಲ. 2023ರಲ್ಲಿ ಕೆನಡಾದ ಕ್ವಿಬೆಕ್ ಪ್ರಾಂತ್ಯದ ಸಂಶೋಧಕರು ಬೇರೊಂದು ಮಗ್ಗುಲನ್ನು ತೋರಿಸಿದರು. ಕಾಫಿ ಬೆಳೆಯುವುದರಲ್ಲೇ ಪರಿಸರದ ಹೊರೆಯ ದೊಡ್ಡ ಪಾಲಿರುವುದರಿಂದ, ಅಳತೆ ಮೀರಿ ಪುಡಿ ಹಾಕಿ, ಉಳಿದ ಕಾಫಿಯನ್ನು ಮೋರಿಗೆ ಚೆಲ್ಲುವವನು ಅಳೆದು ತುಂಬಿದ ಡಬ್ಬಿಯನ್ನು ಬಳಸುವವನಿಗಿಂತ ಹೆಚ್ಚು ಹಾನಿ ಮಾಡಿರಬಹುದು. ಕ್ಯಾಪ್ಸೂಲ್ ಯಂತ್ರ ಕೊಂಡವರು ಪಾಪಿಗಳೆಂದು ನಾನು ಹೇಳುತ್ತಿಲ್ಲ. ರಾತ್ರಿಯಿಡೀ ರೋಗಿಗಳ ಬಳಿ ನಿಂತು ಬಂದ ಒಬ್ಬಳು ಗುಂಡಿ ಒತ್ತಿ ಕಾಫಿ ಕುಡಿಯಲು ಬಯಸಿದರೆ ಅದರಲ್ಲಿ ದೋಷ ಹುಡುಕುವವನು ಮೊದಲು ಒಂದು ರಾತ್ರಿ ಪಾಳಿ ಮಾಡಿ ನೋಡಲಿ. ಯೋಚಿಸಲು ಏನಾದರೂ ಇದ್ದದ್ದು ಅಲ್ಲಿತ್ತು, ಆ ಮೂರು ವಾರಗಳಲ್ಲಿ ಒಂದು ಸಂಜೆಯೂ ಅದಕ್ಕೆ ದೊರೆಯಲಿಲ್ಲ ಎಂಬುದಷ್ಟೇ ನನ್ನ ಮಾತು. ಪುದೀನ, ಸಬ್ಬಸಿಗೆ, ಜೀರಿಗೆಗಳ ದಶಾಂಶವನ್ನು ಎಣಿಸುತ್ತ ನ್ಯಾಯವನ್ನೂ ದಯೆಯನ್ನೂ ಕೈಬಿಟ್ಟ ಫರಿಸಾಯರನ್ನು ಪ್ರಭು ಯೇಸು ಗದರಿಸಿದ್ದು ಅವರು ಲೆಕ್ಕ ಇಟ್ಟರೆಂದಲ್ಲ, ಲೆಕ್ಕವನ್ನು ತಪ್ಪಾದ ಜಾಗದಲ್ಲಿ ಇಟ್ಟರೆಂದು.

ಸಂತ ಇಗ್ನೇಷಿಯಸರು ತಮ್ಮ ‘ಆಧ್ಯಾತ್ಮಿಕ ಸಾಧನೆಗಳು’ ಕೃತಿಯಲ್ಲಿ ಆಯ್ಕೆಯ ಬಗ್ಗೆ ಕೊಟ್ಟ ಮಾರ್ಗದರ್ಶನಗಳಲ್ಲಿ ಎರಡು ಇಲ್ಲಿ ಬಹಳ ಉಪಯುಕ್ತ. ಒಂದು, ನನಗೆ ಪರಿಚಯವೇ ಇಲ್ಲದ ಒಬ್ಬ ವ್ಯಕ್ತಿ ಇದೇ ಪ್ರಶ್ನೆ ತಂದರೆ ನಾನು ಏನೆಂದು ಸಲಹೆ ಕೊಡುತ್ತಿದ್ದೆ ಎಂದು ಕೇಳಿಕೊಳ್ಳುವುದು. ಅಪರಿಚಿತನಿಗಾದರೆ ನಾವು ಅರ್ಧ ನಿಮಿಷದಲ್ಲಿ ಹೇಳಿಬಿಡುತ್ತೇವೆ, ಯಾವುದಾದರೂ ತೆಗೆದುಕೋ ಮಾರಾಯ ಎಂದು. ಇನ್ನೊಂದು, ಮರಣದ ಗಳಿಗೆಯಲ್ಲಿ ನಿಂತು ನೋಡಿದಾಗ ಹೇಗೆ ಆರಿಸಿರಬೇಕಿತ್ತು ಎನ್ನಿಸುತ್ತದೆ ಎಂದು ವಿಚಾರಿಸುವುದು. ಕಾಫಿ ಯಂತ್ರವನ್ನು ಈ ಪರೀಕ್ಷೆಗೆ ಒಡ್ಡುವುದು ನಗು ತರಿಸುವಂಥದ್ದು. ಆ ನಗುವಿನಲ್ಲೇ ಉತ್ತರವಿದೆ. ಆ ಗಳಿಗೆಯಲ್ಲಿ ತೊಟ್ಟಿಯ ನೂರು ಮಿಲಿಲೀಟರ್ ಯಾರಿಗೂ ನೆನಪಾಗದು. ಒಂದೂವರೆ ಗಂಟೆಯ ಆ ಇಪ್ಪತ್ತೊಂದು ಸಂಜೆಗಳು ನೆನಪಾಗಬಹುದು.

ಚೀಟಿ ಎತ್ತಿ ನಿರ್ಧರಿಸಬಹುದೇ ಎಂದು ಕೆಲವರು ಕೇಳುತ್ತಾರೆ. ಧರ್ಮಸಭೆಯ ಮೊಟ್ಟಮೊದಲ ನೇಮಕಾತಿಯೇ ಹಾಗೆ ಆಯಿತು. ಯೂದನ ಸ್ಥಾನ ತೆರವಾಗಿತ್ತು. ಪ್ರಭುವಿನ ದೀಕ್ಷಾಸ್ನಾನದಿಂದ ಸ್ವರ್ಗಾರೋಹಣದವರೆಗೆ ಜೊತೆಗಿದ್ದವನೇ ಆಗಬೇಕೆಂದು ಪೇತ್ರ ಹೇಳಿದ. ಸುಮಾರು ನೂರಿಪ್ಪತ್ತು ಜನರ ಆ ಸಭೆಯಲ್ಲಿ ಇಬ್ಬರ ಹೆಸರು ಮುಂದೆ ಬಂತು: ಯುಸ್ತನೆಂಬ ಅಡ್ಡಹೆಸರಿನ ಬಾರ್ಸಬ್ಬ ಜೋಸೆಫ, ಮತ್ತು ಮತ್ತೀಯ. ಕ್ರಮವನ್ನು ಗಮನಿಸಬೇಕು. ಎಂಥವನು ಬೇಕು ಎಂಬುದನ್ನು ಅವರು ಬುದ್ಧಿಯಿಂದ ನಿಷ್ಕರ್ಷಿಸಿದರು. ಇಬ್ಬರೂ ಅರ್ಹರೆಂದು ಕಂಡಮೇಲೆ ಪ್ರಾರ್ಥಿಸಿದರು. ಬಳಿಕ ಚೀಟಿ ಹಾಕಿದರು. ಚೀಟಿಗೆ ಅವರು ಒಪ್ಪಿಸಿದ್ದು ಯೋಚನೆ ಮುಗಿದ ಮೇಲೆ ಉಳಿದ ಪಾಲನ್ನು ಮಾತ್ರ. ಪಾಲು ಹಂಚಿಕೊಳ್ಳಲು ಚೀಟಿ ಹಾಕುವುದು ತಪ್ಪಲ್ಲ, ಆದರೆ ಅಗತ್ಯವಿಲ್ಲದೆ ದೇವರ ಚಿತ್ತವನ್ನು ಚೀಟಿಯಿಂದ ಹಿಂಡಲು ಹೊರಡುವುದು ದೇವರನ್ನು ಪರೀಕ್ಷಿಸಿದಂತೆ ಎಂದು ಅಕ್ವಿನಾಸರು ಬೇರ್ಪಡಿಸಿದ್ದಾರೆ. ಎರಡು ಯಂತ್ರಗಳಿಗಾಗಿ ನಾಣ್ಯ ಚಿಮ್ಮಿದರೆ ಅದು ನಾಣ್ಯವೇ ಆಗಿರಲಿ, ದೈವವಾಣಿಯಾಗುವುದು ಬೇಡ.

ಆರಿಸಿದ ಮೇಲೂ ಹೋಲಿಕೆ ನಿಲ್ಲದಿರುವುದೇ ಈ ಬೇನೆಯ ಕೊನೆಯ ಮಜಲು. ಯಂತ್ರ ಮನೆಗೆ ಬಂದಿರುತ್ತದೆ. ಬಿಟ್ಟುಬಂದ ಇನ್ನೊಂದು ದಿನದಿನಕ್ಕೂ ಹೆಚ್ಚು ಸುಂದರವಾಗುತ್ತದೆ. ಬದಲಾಯಿಸಬಹುದಾದ ವಿಷಯದಲ್ಲಿಯೂ ಸರಿಯಾಗಿ ಆಯ್ಕೆ ಮಾಡಿದ್ದರೆ ಅದನ್ನು ಮತ್ತೆ ಕೆದಕಬೇಕಾಗಿಲ್ಲ, ಆರಿಸಿದ್ದರಲ್ಲೇ ಪಕ್ವವಾಗುತ್ತ ಹೋಗಬೇಕು ಎಂದು ಇಗ್ನೇಷಿಯಸರ ಸೂಚನೆ. ನಮ್ಮ ಶುಶ್ರೂಷಕಿಯ ಮನೆಗೆ ಕೊನೆಗೆ ಬಂದದ್ದು, ಅಂಗಡಿಯಲ್ಲಿ ಅಂದು ಉಳಿದಿದ್ದ ಒಂದೇ ಯಂತ್ರ. ಯಾವ ಹೆಸರಿನದೆಂದು ನಾನು ಕೇಳಲಿಲ್ಲ. ಭಾನುವಾರಗಳಲ್ಲಿ ಮಾತ್ರ ಬಳಸುತ್ತೇವೆ, ಉಳಿದ ದಿನ ಊರಿನಿಂದ ತಂದ ಫಿಲ್ಟರ್ ಎಂದು ಅವಳೇ ಹೇಳಿದಳು.

ಚೀಟಿ ಬಾರದೆ ಉಳಿದ ಬಾರ್ಸಬ್ಬನ ವಿಷಯ ‘ಪ್ರೇಷಿತರ ಕಾರ್ಯಕಲಾಪಗಳು’ ಗ್ರಂಥದಲ್ಲಿ ಅಷ್ಟಕ್ಕೇ ಮುಗಿಯುತ್ತದೆ. ಆದರೆ ಧರ್ಮಸಭೆಯ ಪ್ರಾಚೀನ ಇತಿಹಾಸಕಾರ ಯೂಸೇಬಿಯಸ್, ಪಪಿಯಾಸ್ ಎಂಬ ಧರ್ಮಾಧ್ಯಕ್ಷರಿಂದ ಬಂದ ಒಂದು ಸುದ್ದಿಯನ್ನು ಬರೆದಿಟ್ಟಿದ್ದಾನೆ: ಇದೇ ಯುಸ್ತನು ಒಮ್ಮೆ ವಿಷ ಕುಡಿದರೂ ಪ್ರಭುವಿನ ಕೃಪೆಯಿಂದ ಅವನಿಗೆ ಏನೂ ಆಗಲಿಲ್ಲವಂತೆ. ಜುಲೈ 20ರಂದು ಅವನನ್ನು ಸಂತನೆಂದು ಸ್ಮರಿಸುವ ಸಂಪ್ರದಾಯ ನಮ್ಮಲ್ಲಿದೆ.